ಲೋನ್ ಪೈನ್ ಹತ್ತಿರ ಆರ್‌ವಿ ಟ್ಯಾಂಕ್ ಎಲ್ಲಿ ಖಾಲಿ ಮಾಡಬೇಕು?

ನೀವು ಕೇಳಿದ್ದು ಇಷ್ಟು: ಡಿಸೆಂಬರ್ ಕೊನೆಯ ವಾರ ಲಾಸ್ ಏಂಜಲೀಸ್‌ನಿಂದ ಬಾಡಿಗೆ ಆರ್‌ವಿಯಲ್ಲಿ, ಅಂದರೆ ಅಡುಗೆಮನೆ, ಟಾಯ್ಲೆಟ್ ಎಲ್ಲಾ ಇರುವ ಗಾಡಿಯಲ್ಲಿ, ಆರು ಜನ ಹೊರಡುತ್ತೀರಿ. ಊರಿನಿಂದ ಬಂದಿರುವ ಅಪ್ಪ ಅಮ್ಮನೂ ಜೊತೆಗಿರುತ್ತಾರೆ. ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಸಣ್ಣ ಊರಿನ ಪಕ್ಕದ ಅಲಬಾಮ ಹಿಲ್ಸ್ ಗುಡ್ಡಗಳಲ್ಲಿ ಮೂರು ರಾತ್ರಿ, ಆಮೇಲೆ ಡೆತ್ ವ್ಯಾಲಿಯಲ್ಲಿ ಎರಡು ರಾತ್ರಿ. ಮಧ್ಯೆ ಟಾಯ್ಲೆಟ್ ಟ್ಯಾಂಕ್ ಎಲ್ಲಿ ಖಾಲಿ ಮಾಡಬಹುದು?

ಮೊದಲು ನೇರ ಉತ್ತರ ಕೊಡುತ್ತೇನೆ. ಲೋನ್ ಪೈನ್‌ನಲ್ಲಿ ಕೊನೆಯ ರಾತ್ರಿಯನ್ನು ಊರಿನ ಹತ್ತಿರದ ಯಾವುದಾದರೂ ಖಾಸಗಿ ಆರ್‌ವಿ ಪಾರ್ಕ್‌ನಲ್ಲಿ ಕಳೆಯಿರಿ. ಫುಲ್ ಹುಕಪ್ ಇರುವ ಜಾಗವನ್ನೇ ಕೇಳಿ ಬುಕ್ ಮಾಡಿ. ಅಂದರೆ ನೀರು, ಕರೆಂಟ್, ಚರಂಡಿ ಮೂರೂ ನಿಮ್ಮ ಗಾಡಿಯ ಪಕ್ಕದಲ್ಲೇ ಇರುತ್ತವೆ. ಅಲ್ಲಿ ಟ್ಯಾಂಕ್ ಖಾಲಿ ಮಾಡಿಕೊಂಡು ಡೆತ್ ವ್ಯಾಲಿಗೆ ಇಳಿಯಿರಿ. ಡೆತ್ ವ್ಯಾಲಿಯೊಳಗೆ ಸ್ಟೋವ್‌ಪೈಪ್ ವೆಲ್ಸ್ ಮತ್ತು ಫರ್ನೆಸ್ ಕ್ರೀಕ್ ಎರಡೂ ಕಡೆ ಡಂಪ್ ಸ್ಟೇಷನ್ ಇದೆ, ಅಂದರೆ ಟ್ಯಾಂಕ್ ಖಾಲಿ ಮಾಡುವ ಜಾಗ. ವಾಪಸ್ ಹೊರಡುವ ದಿನ ಅಲ್ಲೇ ಇನ್ನೊಮ್ಮೆ ಖಾಲಿ ಮಾಡಿಕೊಳ್ಳಬಹುದು.

ಮೂರು ರಾತ್ರಿಯೂ ಅಲಬಾಮ ಹಿಲ್ಸ್‌ನಲ್ಲೇ ಯಾಕೆ ಬೇಡ ಅನ್ನುತ್ತೀರಾ? ಅಲ್ಲಿ ಹುಕಪ್ ಇಲ್ಲ, ಲೆಕ್ಕ ಹಾಕಿ ನೋಡಿ. ಬಾಡಿಗೆಗೆ ಸಿಗುವ 25 ಅಡಿಯ ಆರ್‌ವಿಯಲ್ಲಿ ಕೊಳೆ ನೀರಿಗೆ ಎರಡು ಟ್ಯಾಂಕ್ ಇರುತ್ತವೆ. ಟಾಯ್ಲೆಟ್‌ನದು ಬ್ಲ್ಯಾಕ್ ಟ್ಯಾಂಕ್. ಸ್ನಾನ, ಸಿಂಕ್, ಪಾತ್ರೆ ತೊಳೆದ ನೀರು ಸೇರುವುದು ಗ್ರೇ ಟ್ಯಾಂಕ್. ಒಂದೊಂದರಲ್ಲೂ ಸುಮಾರು 30 ಗ್ಯಾಲನ್ ಹಿಡಿಯುತ್ತದೆ, ಅಂದರೆ ಹತ್ತಿರ ಹತ್ತಿರ 113 ಲೀಟರ್. ಗ್ರೇ ಟ್ಯಾಂಕ್‌ನದನ್ನು ಆರು ಜನ, ಮೂರು ದಿನಕ್ಕೆ ಹಂಚಿದರೆ ಒಬ್ಬರಿಗೆ ದಿನಕ್ಕೆ ಆರು ಲೀಟರ್ ಚಿಲ್ಲರೆ. ಹಲ್ಲುಜ್ಜುವುದು, ಮುಖ ತೊಳೆಯುವುದು, ಪಾತ್ರೆ, ಸ್ನಾನ ಎಲ್ಲಾ ಅಷ್ಟರಲ್ಲೇ ಆಗಬೇಕು. ಊರಲ್ಲಿ ಒಂದು ಬಕೆಟ್ ಸ್ನಾನಕ್ಕೇ ಹದಿನೈದು ಲೀಟರ್ ಬೇಕಲ್ವಾ? ಎಲ್ಲರೂ ಟಾಯ್ಲೆಟ್ ಟ್ಯಾಂಕ್ ಬಗ್ಗೆ ಹೆದರುತ್ತಾರೆ. ನಮ್ಮಂಥ ಮನೆಗಳಲ್ಲಿ ಮೊದಲು ತುಂಬುವುದು ಗ್ರೇ ಟ್ಯಾಂಕ್.

ನಮಗೆ ಇದು ಗೊತ್ತಾಗಿದ್ದು ಎರಡು ವರ್ಷದ ಹಿಂದೆ, ಜನವರಿಯಲ್ಲಿ. ಹಾಸನದಿಂದ ಅತ್ತೆ ಮಾವ ಬಂದಿದ್ದರು. ಗಾಡಿಯಲ್ಲಿ ಐದು ಜನ. ಎರಡನೇ ದಿನ ಸಂಜೆಗೇ ಗ್ರೇ ಟ್ಯಾಂಕ್ ತುಂಬಿದೆ ಎಂದು ದೀಪ ಹತ್ತಿತು. ಶವರ್‌ನ ಜಾಲರಿಯಲ್ಲಿ ನೀರು ಮೇಲೆ ಬರತೊಡಗಿತು. ಹತ್ತಿರದ ಕ್ಯಾಂಪ್‌ಗ್ರೌಂಡಿನಲ್ಲಿ ಡಂಪ್ ಸ್ಟೇಷನ್ ಇದೆ ಎಂದು ಫೋನಿನಲ್ಲಿ ನೋಡಿಕೊಂಡು ಹೋಗಿದ್ದೆ. ಹೋಗಿ ನೋಡಿದರೆ ಸರಪಳಿ ಹಾಕಿ ಮುಚ್ಚಿದ್ದರು. ಚಳಿಗಾಲ. ನೀರಿನ ಪೈಪ್ ಹೆಪ್ಪುಗಟ್ಟಿ ಒಡೆಯಬಾರದು ಎಂದು ಬೆಟ್ಟದ ಬುಡದ ಇಂಥ ಕಡೆಗಳಲ್ಲಿ ನೀರು ನಿಲ್ಲಿಸುತ್ತಾರೆ. ನೀರು ನಿಂತರೆ ಡಂಪ್ ಸ್ಟೇಷನ್ ಕೂಡ ಸಾಮಾನ್ಯವಾಗಿ ನಿಲ್ಲುತ್ತದೆ. ಮ್ಯಾಪ್‌ನಲ್ಲಿ ಮಾತ್ರ ಅದು ವರ್ಷವಿಡೀ ಇದೆ ಎಂದೇ ಕಾಣುತ್ತದೆ.

ಊರಿನ ಪಶ್ಚಿಮಕ್ಕೆ ಟಟಲ್ ಕ್ರೀಕ್ ಎಂಬ ಕ್ಯಾಂಪ್‌ಗ್ರೌಂಡ್ ಇದೆ. ಸರ್ಕಾರಿ ಭೂಮಿ ನೋಡಿಕೊಳ್ಳುವ ಬಿಎಲ್‌ಎಮ್‌ನದು. ಸುಮಾರು 5,000 ಅಡಿ ಎತ್ತರದಲ್ಲಿದೆ, ವಿಟ್ನಿ ಶಿಖರ ಎದುರಿಗೇ ಕಾಣುತ್ತದೆ. ಬೆಚ್ಚಗಿನ ತಿಂಗಳುಗಳಲ್ಲಿ ಅಲ್ಲಿ ಡಂಪ್ ಸ್ಟೇಷನ್ ಇರುತ್ತದೆ. ಏಪ್ರಿಲ್‌ನಲ್ಲೋ ಸೆಪ್ಟೆಂಬರಿನಲ್ಲೋ ಹೋಗುವವರಾಗಿದ್ದರೆ ನಾನು ಅದನ್ನೇ ಹೇಳುತ್ತಿದ್ದೆ. ಡಿಸೆಂಬರಿಗೆ ಅದನ್ನು ನಂಬಿಕೊಂಡು ಹೋಗಬೇಡಿ.

ಆ ರಾತ್ರಿಯ ಮಾತು ಮುಗಿಸುತ್ತೇನೆ. ಕತ್ತಲಾಗಿತ್ತು, ಚಳಿ ಕೊರೆಯುತ್ತಿತ್ತು. ಪಕ್ಕದಲ್ಲಿ ಗಾಡಿ ನಿಲ್ಲಿಸಿದ್ದ ಒಬ್ಬರು, "ಬರೀ ಪಾತ್ರೆ ತೊಳೆದ ನೀರು ತಾನೇ, ಮರಳಿಗೆ ಬಿಟ್ಟುಬಿಡಿ, ಹೀರಿಕೊಳ್ಳುತ್ತದೆ" ಎಂದರು. ನಾನು ಬಿಡಲಿಲ್ಲ. ನಿಮಗೂ ಯಾರಾದರೂ ಹೀಗೆ ಹೇಳಬಹುದು. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅದು ಕಾನೂನಿಗೆ ವಿರುದ್ಧ, ಅದು ಸರಿ. ಆದರೆ ನನಗೆ ಅದಕ್ಕಿಂತ ದೊಡ್ಡ ಕಾರಣ ಆ ಜಾಗ. ಅಲ್ಲಿ ಮಳೆ ತೀರಾ ಕಡಿಮೆ. ಮಲೆನಾಡಿನ ಮಣ್ಣಿನ ಹಾಗೆ ಬಿದ್ದದ್ದೆಲ್ಲ ಕೊಳೆತು ಕರಗುವ ನೆಲ ಅಲ್ಲ. ಎಣ್ಣೆ, ಸೋಪು, ಅನ್ನದ ಅಗುಳು ಎಲ್ಲಾ ಬಿದ್ದಲ್ಲೇ ತಿಂಗಳುಗಟ್ಟಲೆ ಉಳಿಯುತ್ತದೆ. ಕಾಡುಪ್ರಾಣಿಗಳು ವಾಸನೆ ಹಿಡಿದು ಬರುತ್ತವೆ. ಇನ್ನೊಂದು ವಿಷಯ. ಅಲಬಾಮ ಹಿಲ್ಸ್‌ನ ಪೂರ್ವದ ಬುಡದಲ್ಲೇ ಒಂದು ದೊಡ್ಡ ಕಾಲುವೆ ಹೋಗುತ್ತದೆ. 1913ರಲ್ಲಿ ಮುಗಿದ ಲಾಸ್ ಏಂಜಲೀಸ್ ಅಕ್ವಡಕ್ಟ್ ಅದು. 233 ಮೈಲಿ ಉದ್ದ. ಪಂಪ್ ಇಲ್ಲದೆ ಇಳಿಜಾರಿನಲ್ಲೇ ಹರಿದು ನಗರ ಸೇರುತ್ತದೆ. ನೀರು ಹೀಗೆ ಹೋಗಿದ್ದರಿಂದಲೇ ಲೋನ್ ಪೈನ್ ಇರುವ ಕಣಿವೆಯ ಓವೆನ್ಸ್ ಸರೋವರ ಬತ್ತಿತು. ಡೆತ್ ವ್ಯಾಲಿಗೆ ತಿರುಗುವ ರಸ್ತೆಯಲ್ಲಿ ಆ ಬಿಳಿ ಬಯಲು ನಿಮಗೂ ಕಾಣುತ್ತದೆ. 1924ರ ನವೆಂಬರಿನಲ್ಲಿ ಕಣಿವೆಯ ಜನ ಅಲಬಾಮ ಗೇಟ್ಸ್ ಎಂಬ ತೂಬಿಗೆ ಹೋಗಿ ಕೂತು, ನೀರನ್ನು ಕಾಲುವೆಯಿಂದ ಹೊರಗೆ ತಿರುಗಿಸಿದ್ದರು. ನಮ್ಮ ಮನೆ ಸ್ಯಾನ್ ಫರ್ನಾಂಡೊ ವ್ಯಾಲಿಯಲ್ಲಿ. ನಮ್ಮ ನಲ್ಲಿಯಲ್ಲಿ ಬರುವ ನೀರಿನಲ್ಲಿ ಒಂದು ಪಾಲು ಆ ಬೆಟ್ಟದ ಹಿಮದ್ದು. ಆ ಜನ ಅಷ್ಟು ಕಳೆದುಕೊಂಡಿದ್ದಾರೆ. ಅವರ ನೆಲಕ್ಕೆ ನಮ್ಮ ಕೊಳೆ ಬಿಟ್ಟು ಬರಲು ನನ್ನ ಮನಸ್ಸು ಒಪ್ಪಲಿಲ್ಲ.

ಆ ರಾತ್ರಿ ಸಿಂಕ್ ಬಳಸದೆ ಕಳೆದೆವು. ಬೆಳಿಗ್ಗೆ ಊರ ಹತ್ತಿರದ ಒಂದು ಆರ್‌ವಿ ಪಾರ್ಕ್‌ಗೆ ಹೋದೆ. ಜಾಗ ಎಲ್ಲಾ ಭರ್ತಿ. ಆಫೀಸಿನಲ್ಲಿದ್ದ ಹಿರಿಯ ಹೆಂಗಸು ಮಾವನನ್ನೂ ಅತ್ತೆಯನ್ನೂ ನೋಡಿ, ದುಡ್ಡು ತೆಗೆದುಕೊಂಡು ಡಂಪ್ ಮಾಡಲು ಬಿಟ್ಟರು. ಉಳಿದುಕೊಳ್ಳದೇ ಬರೀ ಡಂಪ್ ಮಾಡಲು ಎಲ್ಲರೂ ಬಿಡುವುದಿಲ್ಲ. ಹೋಗುವ ಮುಂಚೆ ಫೋನ್ ಮಾಡಿ ಕೇಳಿ. ರಜೆಯ ವಾರ ಬೇರೆ, ಈಗಲೇ ಬುಕ್ ಮಾಡಿದರೆ ಒಳ್ಳೆಯದು. ಉತ್ತರಕ್ಕೆ 60 ಮೈಲಿ ದೂರದ ಬಿಷಪ್‌ನಲ್ಲೂ ಆರ್‌ವಿ ಪಾರ್ಕ್‌ಗಳಿವೆ. ಆದರೆ ನೀವು ಹೋಗುವ ದಿಕ್ಕೇ ಬೇರೆ. ಅದಕ್ಕಾಗಿ ಸುಮ್ನೆ ಅಷ್ಟು ದೂರ ಓಡಿಸುವುದು ಬೇಡ.

ಡೆತ್ ವ್ಯಾಲಿಗೆ ಹೋಗಿಯೇ ಖಾಲಿ ಮಾಡಿದರಾಯಿತು ಎಂದುಕೊಳ್ಳಬೇಡಿ. ಲೋನ್ ಪೈನ್‌ನಿಂದ ಸ್ಟೋವ್‌ಪೈಪ್ ವೆಲ್ಸ್ ಸುಮಾರು 80 ಮೈಲಿ. ರಸ್ತೆ ಮೊದಲು ಪನಮಿಂಟ್ ಕಣಿವೆಗೆ ತಿರುವು ತಿರುವಾಗಿ ಇಳಿಯುತ್ತದೆ. ಅಲ್ಲಿಂದ ಟೌನ್ ಪಾಸ್ ಎಂಬ ಘಾಟಿ ಹತ್ತಬೇಕು, ಎತ್ತರ 4,956 ಅಡಿ. ಹತ್ತಿದ ಮೇಲೆ ಸಮುದ್ರಮಟ್ಟದವರೆಗೂ ಮತ್ತೆ ಇಳಿಜಾರು. ಎರಡೂ ಟ್ಯಾಂಕ್ ತುಂಬಿದ್ದರೆ 220 ಕಿಲೋಗೂ ಜಾಸ್ತಿ ಭಾರ. ಅಷ್ಟು ಕೊಳೆ ಹೊತ್ತುಕೊಂಡು ಆ ಇಳಿಜಾರಿನಲ್ಲಿ ಬ್ರೇಕ್ ಕಾಯಿಸಬಾರದು. ಖಾಲಿ ಮಾಡಿಯೇ ಹೊರಡಿ. ಇಳಿಯುವಾಗ ಲೋ ಗೇರ್‌ನಲ್ಲಿ ಇಳಿಸಿ.

ಇನ್ನು ನಮ್ಮ ಅಡುಗೆ ಮತ್ತು ಅಭ್ಯಾಸಗಳ ಮಾತು. ಇಂಗ್ಲಿಷಿನಲ್ಲಿ ಹುಡುಕಿದರೆ ಇದು ಎಲ್ಲೂ ಸಿಗುವುದಿಲ್ಲ. ಹಿರಿಯರು ಟಾಯ್ಲೆಟ್‌ನಲ್ಲಿ ಚೊಂಬಿನ ನೀರು ಬಳಸುತ್ತಾರೆ. ಟ್ಯಾಂಕ್ ಬೇಗ ತುಂಬುತ್ತದೆ ಎಂದು ಅವರನ್ನು ತಡೆಯಬೇಡಿ. ಬ್ಲ್ಯಾಕ್ ಟ್ಯಾಂಕ್‌ಗೆ ನೀರು ಬೇಕೇ ಬೇಕು. ನೀರು ಕಡಿಮೆಯಾಗಿ ಕಾಗದ ಜಾಸ್ತಿಯಾದರೆ ಒಳಗೆ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಇಳಿಯುವುದೇ ಇಲ್ಲ. ವೆಟ್ ವೈಪ್ ಮಾತ್ರ ಒಳಗೆ ಹಾಕಬೇಡಿ. ಪ್ಯಾಕೆಟ್ ಮೇಲೆ ಹಾಕಬಹುದು ಎಂದು ಬರೆದಿದ್ದರೂ ಬೇಡ.

ಉಳಿಸಬೇಕಾದದ್ದು ಗ್ರೇ ಟ್ಯಾಂಕ್‌ನಲ್ಲಿ. ಒಗ್ಗರಣೆ ಬಾಣಲೆಯನ್ನು ಮೊದಲು ಟಿಶ್ಯೂನಿಂದ ಒರೆಸಿ ಕಸಕ್ಕೆ ಹಾಕಿ, ಆಮೇಲೆ ತೊಳೆಯಿರಿ. ಸಾಸಿವೆ, ಕರಿಬೇವು, ಅನ್ನದಗುಳು ಸಿಂಕಿಗೆ ಹೋಗದಂತೆ ಸಣ್ಣ ಜಾಲರಿ ಇಡಿ. ಚಳಿಗೆ ಎಣ್ಣೆ ಒಳಗೆ ಹೆಪ್ಪುಗಟ್ಟಿದರೆ ನಾಲ್ಕು ದಿನದಲ್ಲಿ ಗಬ್ಬು ನಾರುತ್ತದೆ. ಅಕ್ಕಿ ತೊಳೆದ ನೀರೇ ದಿನಕ್ಕೆ ಮೂರು ನಾಲ್ಕು ಲೀಟರ್ ಆಗುತ್ತದೆ. ಊರಲ್ಲಾದರೆ ಅಕ್ಕಚ್ಚು ಹಸುವಿಗೆ ಹೋಗುತ್ತದೆ. ಇಲ್ಲಿ ಟ್ಯಾಂಕ್ ಬಿಟ್ಟರೆ ಬೇರೆ ಜಾಗ ಇಲ್ಲ. ನಮ್ಮತ್ತೆ ಎರಡನೇ ಸಲ ತೊಳೆದ ನೀರನ್ನು ಸಾರಿಗೇ ಹಾಕಿದರು. ಸಾರೂ ಚೆನ್ನಾಗಿತ್ತು. ಹುಕಪ್ ಇಲ್ಲದ ರಾತ್ರಿಗಳಿಗೆ ಗೊಜ್ಜವಲಕ್ಕಿ, ಚಪಾತಿ, ಚಟ್ನಿಪುಡಿ, ಮನೆಯಲ್ಲೇ ಮಾಡಿಟ್ಟ ಪುಳಿಯೋಗರೆ ಗೊಜ್ಜು ಸಾಕು. ಹುಳಿ, ಪಲ್ಯ, ತಲೆಸ್ನಾನ ಎಲ್ಲಾ ಹುಕಪ್ ಇರುವ ರಾತ್ರಿಗೆ ಇಟ್ಟುಕೊಳ್ಳಿ. ಸ್ನಾನವನ್ನು ಪಾರ್ಕ್‌ನ ಶವರ್‌ನಲ್ಲೇ ಮಾಡಿದರೆ ಬಿಸಿನೀರೂ ಧಾರಾಳ.

ಖಾಲಿ ಮಾಡುವುದು ಕಷ್ಟವೇನಲ್ಲ, ಕ್ರಮ ಗೊತ್ತಿದ್ದರೆ ಹದಿನೈದು ನಿಮಿಷ. ಗ್ಲೌಸ್ ಹಾಕಿಕೊಳ್ಳಿ. ದಪ್ಪ ಹೋಸ್‌ನ ಒಂದು ತುದಿಯನ್ನು ಗಾಡಿಗೆ, ಇನ್ನೊಂದನ್ನು ನೆಲದ ತೂತಿಗೆ ಗಟ್ಟಿಯಾಗಿ ಕೂರಿಸಿ. ಆ ತುದಿ ಜಾರದಂತೆ ಕಲ್ಲು ಇಟ್ಟರೆ ವಾಸಿ. ಮೊದಲು ಬ್ಲ್ಯಾಕ್ ಟ್ಯಾಂಕ್‌ನ ವಾಲ್ವ್ ಎಳೆಯಿರಿ. ಅದು ಪೂರ್ತಿ ಇಳಿದು ಸದ್ದು ನಿಂತ ಮೇಲೆ ಮುಚ್ಚಿ, ಗ್ರೇ ವಾಲ್ವ್ ಎಳೆಯಿರಿ. ಸೋಪಿನ ನೀರು ಹೋಸನ್ನು ತೊಳೆದುಕೊಂಡು ಹೋಗುತ್ತದೆ. ಎರಡನ್ನೂ ಮುಚ್ಚಿ, ಹೋಸ್ ತೊಳೆದು ಎತ್ತಿಡಿ. ಕೊನೆಗೆ ಟಾಯ್ಲೆಟ್‌ನಲ್ಲಿ ಒಂದು ಬಕೆಟ್ ನೀರು ಸುರಿಯಿರಿ. ಬ್ಲ್ಯಾಕ್ ಟ್ಯಾಂಕ್ ಒಣಗಿರಬಾರದು.

ಇಲ್ಲಿ ಎರಡು ತಪ್ಪು ಆಗುತ್ತವೆ. ಹುಕಪ್ ಸಿಕ್ಕಿತಲ್ಲ ಎಂದು ರಾತ್ರಿಯಿಡೀ ಬ್ಲ್ಯಾಕ್ ವಾಲ್ವ್ ತೆರೆದಿಡುತ್ತಾರೆ. ನೀರು ಹರಿದುಹೋಗಿ ಗಟ್ಟಿ ಮಾತ್ರ ಒಳಗೆ ಉಳಿಯುತ್ತದೆ. ಮುಚ್ಚಿಟ್ಟು, ಬೆಳಿಗ್ಗೆ ಹೊರಡುವ ಮುಂಚೆ ಒಂದೇ ಸಲ ಬಿಡಿ. ಡಿಸೆಂಬರಿನಲ್ಲಿ ಲೋನ್ ಪೈನ್ ರಾತ್ರಿ ಸೊನ್ನೆ ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ, ಹೋಸ್‌ನಲ್ಲಿ ನಿಂತ ನೀರೂ ಗಟ್ಟಿಯಾಗುತ್ತದೆ. ಇನ್ನೊಂದು ತಪ್ಪು ಅಪಾಯದ್ದು. ಡಂಪ್ ಸ್ಟೇಷನ್‌ನಲ್ಲಿ ತೊಳೆಯಲು ಇಟ್ಟಿರುವ ನಲ್ಲಿಯಿಂದ ಕುಡಿಯುವ ನೀರಿನ ಟ್ಯಾಂಕ್ ತುಂಬಿಸುವುದು. ಆ ಪೈಪನ್ನು ಎಷ್ಟೋ ಜನ ಕೊಳೆ ಹೋಸ್‌ನೊಳಗೆ ತೂರಿಸಿರುತ್ತಾರೆ. ಕುಡಿಯುವ ನೀರಿನ ನಲ್ಲಿ ಬೇರೆ ಇರುತ್ತದೆ, ಬೋರ್ಡ್ ನೋಡಿ. ಆ ನೀರಿಗೆ ಬೇರೆಯದೇ ಹೋಸ್ ಬಳಸಿ. ಅಪ್ಪ ಅಮ್ಮನ ಆರೋಗ್ಯದ ವಿಷಯ ಇದು.

ವಾಸನೆಗೆಂದು ಹಾಕುವ ಪುಡಿ, ದ್ರಾವಣ ಕೊಳ್ಳುವಾಗ ಫಾರ್ಮಾಲ್ಡಿಹೈಡ್ ಇಲ್ಲದ್ದನ್ನು ನೋಡಿ. ಇಂಥ ಸಣ್ಣ ಊರುಗಳಲ್ಲಿ, ಕ್ಯಾಂಪ್‌ಗ್ರೌಂಡುಗಳಲ್ಲಿ ಎಷ್ಟೋ ಕಡೆ ಕೊಳೆ ಹೋಗುವುದು ಸೆಪ್ಟಿಕ್ ಟ್ಯಾಂಕಿಗೆ. ಅದರೊಳಗೆ ಕೊಳೆಯಿಸುವ ಬ್ಯಾಕ್ಟೀರಿಯಾವನ್ನೇ ಆ ರಾಸಾಯನಿಕ ಕೊಲ್ಲುತ್ತದೆ. ಕೆಲವು ಡಂಪ್ ಸ್ಟೇಷನ್‌ಗಳು ಮುಚ್ಚಿಹೋಗುವುದಕ್ಕೆ ಇದೂ ಒಂದು ಕಾರಣ. ಎಂಜೈಮ್ ಇರುವುದು ಸಿಗುತ್ತದೆ, ಅದು ಸಾಕು.

ಅಲಬಾಮ ಹಿಲ್ಸ್‌ನಲ್ಲಿ ಉಳಿಯಲು ಬಿಎಲ್‌ಎಮ್‌ನಿಂದ ಪರ್ಮಿಟ್ ತೆಗೆದುಕೊಳ್ಳಬೇಕು. ಮಣ್ಣಿನ ರಸ್ತೆಗೆ ಗಾಡಿ ಇಳಿಸಬಹುದೇ ಎಂದು ಬಾಡಿಗೆ ಕರಾರಿನಲ್ಲಿ ನೋಡಿ. ಹಲವರು ಬಿಡುವುದಿಲ್ಲ. ಗಾಡಿ ವಾಪಸ್ ಕೊಡುವಾಗ ಟ್ಯಾಂಕ್ ಖಾಲಿ ಇಲ್ಲದಿದ್ದರೆ ದಂಡ ಹಾಕುತ್ತಾರೆ ಎಂಬುದೂ ಅದರಲ್ಲೇ ಇರುತ್ತದೆ.

ದಕ್ಷಿಣದಿಂದ 395ನೇ ಹೆದ್ದಾರಿಯಲ್ಲಿ ಬರುವಾಗ, ಲೋನ್ ಪೈನ್‌ಗೆ ಸ್ವಲ್ಪ ಮುಂಚೆ, 136ನೇ ರಸ್ತೆ ಸೇರುವ ಕಡೆ ಈಸ್ಟರ್ನ್ ಸಿಯೆರಾ ವಿಸಿಟರ್ ಸೆಂಟರ್ ಸಿಗುತ್ತದೆ. ಮೊದಲು ಅಲ್ಲಿ ನಿಲ್ಲಿಸಿ. ಆ ವಾರ ಯಾವ ಡಂಪ್ ಸ್ಟೇಷನ್ ತೆರೆದಿದೆ, ಟೌನ್ ಪಾಸ್ ಮೇಲೆ ಹಿಮ ಇದೆಯೇ ಎಂದು ಕೇಳಿ. ಬಿಸಿಲಿರುವಾಗಲೇ ಅಲ್ಲಿಗೆ ತಲುಪುವ ಹಾಗೆ ಹೊರಡಿ. ಡೆತ್ ವ್ಯಾಲಿಯದನ್ನು ಹಿಂದಿನ ದಿನ ಪಾರ್ಕ್‌ನ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ.

ಬಂದ ಮೇಲೆ ಯಾವುದು ತೆರೆದಿತ್ತು, ಯಾವುದು ಮುಚ್ಚಿತ್ತು ಎಂದು ದಯವಿಟ್ಟು ಇಲ್ಲಿ ತಿಳಿಸಿ. ಫೆಬ್ರವರಿಯಲ್ಲಿ ನಾವು ಮತ್ತೆ ಹೊರಟಿದ್ದೇವೆ, ಈ ಸಲ ನಮ್ಮಮ್ಮನೂ ಬರುತ್ತಿದ್ದಾರೆ.