ಎಂ.ಎ., ಪಿಎಚ್‌ಡಿ ಓದೋರಿಗೆ ದುಡ್ಡು ಎಲ್ಲಿಂದ ಬರತ್ತೆ? ನಿಮ್ಮ ಪ್ರಶ್ನೆಗೆ ನಮ್ಮ ಉತ್ತರ

ಪ್ರಶ್ನೆ: ನಾನು ಕನ್ನಡ ಎಂ.ಎ. ಕೊನೇ ಸೆಮಿಸ್ಟರ್‌ನಲ್ಲಿದೀನಿ, ವಯಸ್ಸು 24. ಅಪ್ಪ ಎಪಿಎಂಸಿಲಿ ಹಮಾಲಿ. ಪಿಎಚ್‌ಡಿ ಮಾಡ್ತೀನಿ ಅಂದ್ರೆ ಊರಾಗ ಎಲ್ಲಾರೂ ಹೊಟ್ಟೆಗೆ ಹಿಟ್ಟಿಲ್ಲ ಜುಟ್ಟಿಗೆ ಮಲ್ಲಿಗೆ ಹೂವಾ ಅಂತಾರ್ರೀ. ನಾವು 2ಎ. ನಂಗೆ ಓದ್ಬೇಕು ಅಂತ ಭಾಳ ಆಸೆ ಅದ. ದಾರಿ ಏನಾದ್ರೂ ಇದೆಯಾ?
– ಓದುಗಿ, ಲಿಂಗಸುಗೂರು

ಉತ್ತರ: ಇದೆ ತಂಗಿ, ಮತ್ತೆ ಅದು ಸಣ್ಣ ದಾರಿ ಏನಲ್ಲ. ಆದ್ರೆ ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನಮ್ಮ ಹುಡುಗ್ರು ಹುಡುಗೀರು ಪಿಎಚ್‌ಡಿ ಅಂದ ತಕ್ಷಣ ಗೈಡ್ ಯಾರು, ಟಾಪಿಕ್ ಯಾವ್ದು ಅಂತ ಓಡಾಡ್ತಾರೆ, ತಿಂಗಳಿಗೆ ದುಡ್ಡು ಎಲ್ಲಿಂದ ಅಂತ ಕೇಳೋದೇ ಇಲ್ಲ, ರಿಜಿಸ್ಟರ್ ಆಗಿ ಎರಡು ವರ್ಷ ಆದ್ಮೇಲೆ ಹಾಸ್ಟೆಲ್ ಫೀಸ್ ಕಟ್ಟೋಕಾಗದೆ ಬಿಟ್ಟು ಹೋಗ್ತಾರೆ. ಅಂಥೋರನ್ನ ತುಂಬಾ ಜನರನ್ನ ನೋಡಿದೀನಿ, ಓದಿನಲ್ಲಿ ಯಾರಿಗೂ ಕಮ್ಮಿ ಇರ್ಲಿಲ್ಲ ಅವರು. ಅದಕ್ಕೇ ನೀವು ಮೊದಲು ದುಡ್ಡಿನ ಲೆಕ್ಕ ಹಾಕಿ, ಟಾಪಿಕ್ ಆಮೇಲೆ.

ಎಲ್ಲಕ್ಕಿಂತ ದೊಡ್ಡದು ಯುಜಿಸಿ ನೆಟ್ ಅನ್ನೋ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ಬರೆದು ಜೆಆರ್‌ಎಫ್, ಅಂದ್ರೆ ಸಂಶೋಧನೆ ಮಾಡೋರಿಗೆ ತಿಂಗಳು ತಿಂಗಳು ಕೊಡೋ ಫೆಲೋಶಿಪ್ ತಗೊಳ್ಳೋದು. 2023ರ ಜನವರಿಯಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ ಎಸ್‌ಆರ್‌ಎಫ್, ಅಂದ್ರೆ ಸೀನಿಯರ್ ಫೆಲೋ ಆದ್ರೆ 42,000, ಒಟ್ಟು ಐದು ವರ್ಷ. ಹಾಸ್ಟೆಲ್ ಸಿಗ್ಲಿಲ್ಲ ಅಂದ್ರೆ ಮನೆ ಬಾಡಿಗೆ ಭತ್ಯೆ ಬೇರೆ, ಪುಸ್ತಕ, ಜೆರಾಕ್ಸ್, ಫೀಲ್ಡ್ ವರ್ಕ್ ಓಡಾಟಕ್ಕೆ ಕಂಟಿಂಜೆನ್ಸಿ ಬೇರೆ. ಎಂ.ಎ. ಕೊನೇ ವರ್ಷದಲ್ಲಿದ್ದಾಗ್ಲೇ ಅರ್ಜಿ ಹಾಕ್ಬೋದು, ರಿಸಲ್ಟ್ ಬರ್ಲಿ ಅಂತ ಕಾಯ್ಬೇಡಿ. ಜೂನ್, ಡಿಸೆಂಬರ್ ಅಂತ ವರ್ಷಕ್ಕೆ ಎರಡು ಸಲ ನಡೆಯತ್ತೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಜೆಆರ್‌ಎಫ್‌ಗೆ ವಯಸ್ಸಿನ ಮಿತಿ 30, ಹೆಣ್ಮಕ್ಕಳಿಗೂ ಒಬಿಸಿ, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೂ ಐದು ವರ್ಷ ಸಡಿಲಿಕೆ ಇದೆ, ಅಂದ್ರೆ ನಿಮ್ಮ ಕೈಲಿ ಇನ್ನೂ ಬೇಕಾದಷ್ಟು ಸಲ ಇದೆ.

ನಮ್ಮ ಕನ್ನಡ ಎಂ.ಎ. ಮಕ್ಕಳು ಎಲ್ಲಿ ಎಡವ್ತಾರೆ ಗೊತ್ತಾ? ಕನ್ನಡ ಪೇಪರ್‌ನಲ್ಲಿ ಅಲ್ಲ. ಪಂಪ, ರನ್ನ, ಕೇಶಿರಾಜ, ವಚನ, ಛಂದಸ್ಸು ಎಲ್ಲಾ ನೀರು ಕುಡಿದಂಗೆ ಬರೀತಾರೆ. ನೆಟ್‌ನಲ್ಲಿ ಎಲ್ಲಾ ವಿಷಯದೋರೂ ಬರೆಯೋ ಮೊದಲನೇ ಪೇಪರ್ ಇದೆಯಲ್ಲ, 50 ಪ್ರಶ್ನೆ 100 ಅಂಕ, ಅದು ಇಂಗ್ಲಿಷ್, ಹಿಂದಿಲಿ ಮಾತ್ರ ಇರತ್ತೆ, ಅದರಲ್ಲಿ ಕೋಷ್ಟಕ ಕೊಟ್ಟು ಶೇಕಡಾ ಲೆಕ್ಕ, ತರ್ಕ, ಕಂಪ್ಯೂಟರು, ಪರಿಸರ ಅಂತ ಕೇಳ್ತಾರೆ, ಅಲ್ಲಿ ಕೈ ಕಟ್ಟಿ ಕೂತ್ಬಿಡ್ತಾರೆ. ಕನ್ನಡದ ಮಕ್ಕಳಿಗೆ ಇದು ಅನ್ಯಾಯ ಅಂತ್ಲೇ ನನ್ನ ಅಭಿಪ್ರಾಯ, ಆದ್ರೆ ಅದು ಬದಲಾಗೋ ತನಕ ನೀವು ಕಾಯೋಕಾಗಲ್ಲ. ದಿನಾ ಒಂದು ಗಂಟೆ ಹಳೇ ಪ್ರಶ್ನೆಪತ್ರಿಕೆಗಳ ಈ ಮೊದಲನೇ ಪೇಪರನ್ನೇ ಬಿಡಿಸಿ, ಆರು ತಿಂಗಳು.

ಇನ್ನೊಂದು, ತುಂಬಾ ಮುಖ್ಯ. ನಿಮ್ಮ ಹತ್ರ ಇರೋ 2ಎ ಸರ್ಟಿಫಿಕೇಟ್ ನೆಟ್‌ಗೆ ನಡೆಯಲ್ಲ, ಅದು ರಾಜ್ಯದ್ದು. ನಾಡಕಚೇರಿಗೆ ಹೋಗಿ ಕೇಂದ್ರ ಸರ್ಕಾರದ ನಮೂನೆಯ ಒಬಿಸಿ ನಾನ್ ಕ್ರೀಮಿ ಲೇಯರ್ (ಹಿಂದುಳಿದ ವರ್ಗದಲ್ಲಿ ಅನುಕೂಲಸ್ಥರಲ್ಲದೋರು ಅನ್ನೋ) ಸರ್ಟಿಫಿಕೇಟ್ ಬೇಕು ಅಂತ ಬಾಯಿಬಿಟ್ಟು ಕೇಳಿ, ಸುಮ್ನೆ ಜಾತಿ ಆದಾಯ ಅಂದ್ರೆ ಹಳೇದನ್ನೇ ಪ್ರಿಂಟ್ ಹಾಕಿ ಕೊಡ್ತಾರೆ. ಕೇಂದ್ರದ ಪಟ್ಟಿಲಿ ನಿಮ್ಮ ಜಾತಿ ಹೆಸರು ಯಾವ ಕಾಗುಣಿತದಲ್ಲಿ ಇದೆ ಅನ್ನೋದನ್ನೂ ನೋಡ್ಕೊಳ್ಳಿ. ಈ ಒಂದು ಕಾಗದ ಸರಿ ಇದ್ರೆ, ಜೆಆರ್‌ಎಫ್ ಸ್ವಲ್ಪದರಲ್ಲಿ ತಪ್ಪಿದ್ರೂ ಒಬಿಸಿ ವಿದ್ಯಾರ್ಥಿಗಳ ರಾಷ್ಟ್ರೀಯ ಫೆಲೋಶಿಪ್ ಅಂತ ಇದೆ, ವರ್ಷಕ್ಕೆ 1,000 ಜನಕ್ಕೆ, ನೆಟ್ ಫಲಿತಾಂಶದ ಮೇಲೇ ಆಯ್ಕೆ. ಎಸ್‌ಸಿ, ಎಸ್‌ಟಿ ಸಂಶೋಧಕರಿಗೂ ಇಂಥದ್ದೇ ಬೇರೆ ಬೇರೆ ಫೆಲೋಶಿಪ್ ಇವೆ. ನಮ್ಮ ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳ ಕಲ್ಯಾಣ, ಅಲ್ಪಸಂಖ್ಯಾತರ ಇಲಾಖೆಗಳೂ ಪೂರ್ಣಾವಧಿ ಪಿಎಚ್‌ಡಿ ಮಾಡೋರಿಂದ ಅರ್ಜಿ ಕರೀತವೆ, ಪ್ರಕಟಣೆ ಪೇಪರ್‌ನ ಮೂಲೇಲಿ ಸಣ್ಣದಾಗಿ ಬಂದು ಹೋಗತ್ತೆ, ಡಿಪಾರ್ಟ್‌ಮೆಂಟ್ ನೋಟಿಸ್ ಬೋರ್ಡ್‌ನಲ್ಲಿ ಹಾಕಿದ್ರೂ ಹಾಕಿದ್ರು ಇಲ್ದಿದ್ರೆ ಇಲ್ಲ, ತಿಂಗಳಿಗೆ ಎರಡು ಸಲ ಇಲಾಖೆ ವೆಬ್‌ಸೈಟ್ ನೀವೇ ನೋಡಿ.

ಜೆಆರ್‌ಎಫ್ ಸಿಗದೇ ಹೋದ್ರೆ? ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಪ್ರಯತ್ನ ಮಾಡಿ. ಅಲ್ಲಿ ಬೇರೆ ಫೆಲೋಶಿಪ್ ಇಲ್ಲದ ಪಿಎಚ್‌ಡಿ ವಿದ್ಯಾರ್ಥಿಗೂ ತಿಂಗಳಿಗೆ 8,000 ನಾನ್-ನೆಟ್ ಫೆಲೋಶಿಪ್ ಇರತ್ತೆ, ರಾಜ್ಯ ವಿಶ್ವವಿದ್ಯಾಲಯಗಳಿಗೆ ಯುಜಿಸಿ ಅದನ್ನ ಕೊಡಲ್ಲ. ಕಲಬುರಗಿ ಹತ್ರ ಕಡಗಂಚಿಲಿ ಇರೋದು ಕೇಂದ್ರೀಯ ವಿಶ್ವವಿದ್ಯಾಲಯನೇ, ಕನ್ನಡ ವಿಭಾಗಾನೂ ಇದೆ, ನಿಮಗೂ ತೀರಾ ದೂರ ಅಲ್ಲ. 8,000 ಜಾಸ್ತಿ ಅಲ್ಲ ನಿಜ, ಆದ್ರೆ ಹಾಸ್ಟೆಲ್‌ನಲ್ಲಿದ್ರೆ ಅಪ್ಪನ ಕೈ ನೋಡದೆ ಮೆಸ್ ಬಿಲ್ ಕಟ್ಬೋದು. ಅತಿಥಿ ಉಪನ್ಯಾಸಕಿ ಕೆಲಸಾನೂ ಫೆಲೋಶಿಪ್ಪೂ ಒಟ್ಟಿಗೆ ಅಂತ ಯಾರಾದ್ರೂ ಹೇಳಿದ್ರೆ ಕಿವಿಗೆ ಹಾಕ್ಕೋಬೇಡಿ, ಜೆಆರ್‌ಎಫ್ ಜೊತೆ ಇನ್ನೊಂದು ಸಂಬಳ ತಗೊಳ್ಳೋ ಹಂಗಿಲ್ಲ, ಸಿಕ್ಕಿಬಿದ್ರೆ ತಗೊಂಡಿದ್ದನ್ನ ವಾಪಸ್ ಕಟ್ಬೇಕಾಗತ್ತೆ.

ಪ್ರಶ್ನೆ: ಕೆ-ಸೆಟ್ ಪಾಸಾಗಿದೀನಿ. ಫೆಲೋಶಿಪ್ ಯಾವಾಗಿಂದ ಬರತ್ತೆ?
– ಓದುಗ, ಹಾಸನ

ಉತ್ತರ: ಬರಲ್ಲ. ಕೆ-ಸೆಟ್ ನಮ್ಮ ರಾಜ್ಯದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಹತೆ ಅಷ್ಟೇ, ಅದರಲ್ಲಿ ದುಡ್ಡಿಲ್ಲ. ಆದ್ರೆ ಅಷ್ಟು ಓದಿದೀರಿ ಅಂದ್ರೆ ಅದೇ ಬಿಸಿಯಲ್ಲೇ ಮುಂದಿನ ನೆಟ್ ಬರೆದ್ಬಿಡಿ, ಸಿಲಬಸ್ ಹೆಚ್ಚೂಕಮ್ಮಿ ಒಂದೇ.

ಪ್ರಶ್ನೆ: ಎಂ.ಎ. ಅರ್ಥಶಾಸ್ತ್ರ ಮೊದಲ ವರ್ಷ. ಎಸ್‌ಎಸ್‌ಪಿಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಸ್ಕಾಲರ್‌ಶಿಪ್ ಮಂಜೂರು, ಹಣ ಜಮಾ ಆಗಿದೆ ಅಂತ ತೋರಿಸ್ತಿದೆ, ಪಾಸ್‌ಬುಕ್‌ನಲ್ಲಿ ಒಂದು ಪೈಸೆ ಇಲ್ಲ. ಕಚೇರಿಲಿ ಕೇಳಿದ್ರೆ ನಮಗೆ ಗೊತ್ತಿಲ್ಲ ಅಂತಾರೆ.
– ಓದುಗ, ಚಳ್ಳಕೆರೆ

ಉತ್ತರ: ಹಣ ಬಹುಶಃ ಬಂದಿದೆ, ನೀವು ನೋಡ್ತಿರೋ ಖಾತೆಗೆ ಬಂದಿಲ್ಲ. ಈ ಸ್ಕಾಲರ್‌ಶಿಪ್ ಹೋಗೋದು ಖಾತೆ ನಂಬರ್ ನೋಡಿ ಅಲ್ಲ, ಆಧಾರ್ ಯಾವ ಬ್ಯಾಂಕಿಗೆ ಕೊನೇದಾಗಿ ಮ್ಯಾಪ್ ಆಗಿದೆಯೋ ಅಲ್ಲಿಗೆ. ನಂಗೇ ಹೀಗಾಗಿತ್ತು. ಎಂಟು ತಿಂಗಳು ಕಚೇರಿ ಸುತ್ತಿದೀನಿ, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಕಳಿಸ್ತಿದ್ರೇ ಹೊರತು ಯಾರೂ ಇದನ್ನ ಹೇಳ್ಲಿಲ್ಲ. ಕೊನೆಗೆ ಊರಿಗೆ ಹೋದಾಗ ಅಮ್ಮ ಅಕ್ಕಿ ಡಬ್ಬದ ಹಿಂದಿಂದ ಒಂದು ಹಳೇ ಪಾಸ್‌ಬುಕ್ ತೆಗೆದ್ಕೊಟ್ರು, ಪಿಯುಸಿಲಿ ಮಾಡಿಸಿದ್ದ ಜೀರೋ ಬ್ಯಾಲೆನ್ಸ್ ಖಾತೆ, ಎಂಟ್ರಿ ಹಾಕಿಸಿದ್ರೆ ಎರಡು ವರ್ಷದ ಹಣ ಸದ್ದಿಲ್ಲದೆ ಅಲ್ಲೇ ಕೂತಿತ್ತು. ಅಮ್ಮ ಅಲ್ಲೇ ಬ್ಯಾಂಕ್ ಬೆಂಚಿನ ಮೇಲೆ ಕೂತು ಅತ್ತುಬಿಟ್ರು, ಆ ವರ್ಷದ ಫೀಸಿಗೆ ಓಲೆ ಅಡ ಇಟ್ಟಿದ್ರು. ನೀವು ಆಧಾರ್ ವೆಬ್‌ಸೈಟ್‌ಗೆ ಹೋಗಿ ಓಟಿಪಿ ಹಾಕಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ನೋಡಿ, ಬ್ಯಾಂಕ್ ಹೆಸರು ಕಾಣತ್ತೆ, ಎರಡು ನಿಮಿಷದ ಕೆಲಸ.

ಹಂಗೇ ಪಿಜಿ ಮೊದಲ ವರ್ಷ ಅಂತೀರಿ, ಕೇಂದ್ರದ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ ಸ್ನಾತಕೋತ್ತರದೋರಿಗೆ ಅಂತ್ಲೇ ಒಂದಿದೆ, ತಿಂಗಳಿಗೆ 15,000, ವರ್ಷಕ್ಕೆ ಹತ್ತು ತಿಂಗಳು, ದೇಶಕ್ಕೆಲ್ಲಾ ಸೇರಿ 10,000 ಜನಕ್ಕೆ. ಡಿಗ್ರಿ ಅಂಕ ಚೆನ್ನಾಗಿದ್ರೆ ಈ ವರ್ಷಾನೇ ಹಾಕಿ, ಎರಡನೇ ವರ್ಷಕ್ಕೆ ಬಂದ್ಮೇಲೆ ಹೊಸದಾಗಿ ಹಾಕೋಕೆ ಆಗಲ್ಲ.

ಪ್ರಶ್ನೆ: ಮಗನಿಗೆ ಅಮೆರಿಕದಲ್ಲಿ ಎಂಎಸ್ ಸೀಟ್ ಸಿಕ್ಕಿದೆ. ಅಲ್ಲಿ ಹೋದ್ರೆ ಟಿಎ ಸಿಗತ್ತೆ, ಸಾಲ ಬೇಗ ತೀರತ್ತೆ ಅಂತಾನೆ. ಮನೆ ಪತ್ರ ಇಟ್ಟು ಸಾಲ ತೆಗೀಬಹುದಾ?
– ತಾಯಿ, ದಾವಣಗೆರೆ

ಉತ್ತರ: ಅಮ್ಮಾ, ಟಿಎ ಅಂದ್ರೆ ಡಿಗ್ರಿ ಮಕ್ಕಳ ಪೇಪರ್ ತಿದ್ದೋದು, ಲ್ಯಾಬ್ ನಡೆಸೋದು, ಆರ್‌ಎ ಅಂದ್ರೆ ಪ್ರೊಫೆಸರ್ ಪ್ರಾಜೆಕ್ಟಲ್ಲಿ ಕೆಲಸ. ಸಂಬಳಕ್ಕಿಂತ ದೊಡ್ಡ ಲಾಭ ಏನಂದ್ರೆ ಸಾಮಾನ್ಯವಾಗಿ ಫೀಸ್ ಮಾಫಿ ಆಗತ್ತೆ. ಆದ್ರೆ ಡಿಪಾರ್ಟ್‌ಮೆಂಟ್‌ಗಳು ಇವನ್ನ ಮೊದಲು ಕೊಡೋದು ಪಿಎಚ್‌ಡಿಯೋರಿಗೆ, ಎಂಎಸ್‌ನೋರಿಗೆ ಉಳಿದ್ರೆ ಉಂಟು. ಎಫ್-1, ಅಂದ್ರೆ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸ್ ನಡೆಯೋವಾಗ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ಮಾತ್ರ ಕೆಲಸ, ಲೈಬ್ರರಿ, ಕ್ಯಾಂಟೀನ್ ಕೆಲಸದಿಂದ ಊಟ ಬಾಡಿಗೆಗೆ ಸ್ವಲ್ಪ ಆಸರೆ ಆಗ್ಬೋದು, ಫೀಸ್ ಹುಟ್ಟಲ್ಲ.

ಅವನ ಮಾತು ನಿಜಾನಾ ಅಂತ ನೋಡೋಕೆ ಒಂದು ಕಾಗದ ಸಾಕು. ವೀಸಾಕ್ಕೆ ಅಂತ ಯೂನಿವರ್ಸಿಟಿ ಕಳಿಸೋ ಐ-20 ಅನ್ನೋ ಪತ್ರದಲ್ಲಿ ಒಂದು ಕಡೆ ವರ್ಷದ ಖರ್ಚು, ಪಕ್ಕದಲ್ಲಿ ಹಣ ಎಲ್ಲಿಂದ ಅಂತ ಇರತ್ತೆ. ಅಲ್ಲಿ ವಿದ್ಯಾರ್ಥಿಯ ಸ್ವಂತ ಹಣ ಅಂತ ಒಂದು ಸಾಲು, ಯೂನಿವರ್ಸಿಟಿ ಕೊಡೋ ಹಣ ಅಂತ ಇನ್ನೊಂದು. ಆ ಎರಡನೇ ಸಾಲಲ್ಲಿ ಡಾಲರ್ ಬರೆದಿಲ್ಲ ಅಂದ್ರೆ ಟಿಎ ಇಲ್ಲ ಅಂತ್ಲೇ ಲೆಕ್ಕ ಹಾಕಿ, ಪೂರ್ತಿ ಸಾಲ ನೀವೇ ಹೊರಬೇಕು ಅಂತ ಇಟ್ಕೊಂಡು ಬ್ಯಾಂಕಲ್ಲಿ ಕಂತು ಎಷ್ಟಾಗತ್ತೆ ಕೇಳಿ, ಅದು ಇವತ್ತಿನ ನಿಮ್ಮ ಆದಾಯದಲ್ಲಿ ಒಂದಷ್ಟು ತಿಂಗಳಾದ್ರೂ ಕಟ್ಟೋ ಹಾಗಿದ್ರೆ ಮಾತ್ರ ಪತ್ರ ತೆಗೀರಿ. ಮಗನಿಗೆ ಡಿಪಾರ್ಟ್‌ಮೆಂಟ್‌ನ ಗ್ರ್ಯಾಜುಯೇಟ್ ಕೋಆರ್ಡಿನೇಟರ್‌ಗೆ ಇವತ್ತೇ ಒಂದು ಮೇಲ್ ಬರೆಯೋಕೆ ಹೇಳಿ, ಹೋದ ವರ್ಷ ಎಂಎಸ್‌ನೋರಲ್ಲಿ ಎಷ್ಟು ಜನಕ್ಕೆ ಟಿಎ ಕೊಟ್ರಿ ಅಂತ. ಹಾಗೆ ಕೇಳೋದ್ರಲ್ಲಿ ತಪ್ಪೇನಿಲ್ಲ.