ಎಷ್ಟು ಸಲ ಪ್ರಾರ್ಥಿಸಿದರೂ ಭಯ ಹೋಗುತ್ತಿಲ್ಲ

ಪ್ರಶ್ನೆ: ಹತ್ತೊಂಬತ್ತನೇ ವಯಸ್ಸಿನಲ್ಲಿ ನಾನೇ ಕೇಳಿಕೊಂಡು ದೀಕ್ಷಾಸ್ನಾನ ಪಡೆದೆ. ಈಗ ಮೂವತ್ತಾರು. ಕೂಟಗಳಲ್ಲಿ ‘ಯೇಸುವನ್ನು ಸ್ವೀಕರಿಸುವವರು ಮುಂದೆ ಬನ್ನಿ’ ಎಂದಾಗಲೆಲ್ಲ ಎದ್ದು ಹೋಗುತ್ತೇನೆ. ಎರಡು ದಿನ ಸಮಾಧಾನ, ಆಮೇಲೆ ಮತ್ತದೇ ಭಯ. ಅಪ್ಪ ತೀರಿಕೊಂಡಾಗ ಅವರ ಉಳಿತಾಯವನ್ನು ತಂಗಿಗೆ ಕಡಿಮೆ ತೋರಿಸಿ, ಅವಳ ಪಾಲಿನಲ್ಲಿ ಒಂದಷ್ಟು ಇಟ್ಟುಕೊಂಡೆ. ಅವಳಿಗೆ ಇವತ್ತಿಗೂ ಗೊತ್ತಿಲ್ಲ. ‘ದೇವರು ಕ್ಷಮಿಸಿದ್ದಾನೆ, ಮರೆತುಬಿಡು’ ಎನ್ನುತ್ತಾರೆ ಪಾಸ್ಟರ್. ಇನ್ನೊಮ್ಮೆ ದೀಕ್ಷಾಸ್ನಾನ ತೆಗೆದುಕೋ ಎನ್ನುತ್ತಾಳೆ ಗೆಳತಿ. ನನಗೆ ರಕ್ಷಣೆ ಆಗಿದೆಯೋ ಇಲ್ಲವೋ?

ಉತ್ತರ: ಸಹೋದರಿ, ನಿಮ್ಮ ಪತ್ರದಲ್ಲಿ ಎರಡು ಲೆಕ್ಕಗಳು ಕಲೆತುಹೋಗಿವೆ. ಒಂದು ದೇವರ ಮುಂದಿನದು, ಇನ್ನೊಂದು ತಂಗಿಯ ಮುಂದಿನದು. ತಂಗಿಗೆ ಹೇಳಬೇಕಾದದ್ದನ್ನು ದೇವರಿಗೇ ಹೇಳುತ್ತಾ ಬಂದಿದ್ದೀರಿ. ಅದಕ್ಕೇ ಎಷ್ಟು ಹೇಳಿದರೂ ಮುಗಿಯುತ್ತಿಲ್ಲ.

ಮೊದಲು ದೇವರ ಮುಂದಿನದು. ಕೃಪೆಯಿಂದ, ನಂಬಿಕೆಯ ಮೂಲಕ ರಕ್ಷಣೆ. ಅದು ದೇವರ ವರ, ಕ್ರಿಯೆಗಳಿಂದ ಬಂದದ್ದಲ್ಲ. ಎಫೆಸದವರಿಗೆ 2:8-9 ನಿಮಗೆ ಬಾಯಿಪಾಠ ಇದ್ದೀತು. ತೊಡಕಿರುವುದು ಇಲ್ಲಿ: ನಮ್ಮ ನಂಬಿಕೆ ಎಷ್ಟು ಗಟ್ಟಿ, ಕಣ್ಣೀರು ಎಷ್ಟು ನಿಜ ಎಂದು ಅಳೆಯುತ್ತ ಕೂತರೆ ಕಣ್ಣು ಕ್ರಿಸ್ತನಿಂದ ನಮ್ಮ ಕಡೆಗೇ ತಿರುಗುತ್ತದೆ, ನಂಬಿಕೆಯೇ ಒಂದು ಕ್ರಿಯೆಯಾಗಿಬಿಡುತ್ತದೆ. ಮುಂದೆ ಬಂದು ಪ್ರಾರ್ಥಿಸುವ ಪದ್ಧತಿ 19ನೇ ಶತಮಾನದ ಉಜ್ಜೀವನ ಕೂಟಗಳಲ್ಲಿ ಬಲವಾಗಿ ಬೇರೂರಿತು. ತಪ್ಪೇನಲ್ಲ, ಆದರೆ ರಕ್ಷಣೆಗೆ ಅದು ಷರತ್ತೂ ಅಲ್ಲ. ಲೂಕ 18ರ ಸುಂಕದವನು ದೂರದಲ್ಲೇ ನಿಂತು, ಆಕಾಶದ ಕಡೆ ಕಣ್ಣೆತ್ತದೆ, ‘ದೇವರೇ, ಪಾಪಿಯಾದ ನನ್ನನ್ನು ಕರುಣಿಸು’ ಎಂದ, ನೀತಿವಂತನೆನಿಸಿಕೊಂಡು ಮನೆಗೆ ಹೋದ. ಅವನಿಗೆ ಏನನ್ನಿಸಿತು ಎಂದು ಯೇಸು ಹೇಳುವುದೇ ಇಲ್ಲ.

ಈ ಕಾಟ ನಿಮಗೊಬ್ಬರಿಗೇ ಬಂದದ್ದಲ್ಲ. ಮುಂದೆ ಯೇಸು ಸಭೆಯನ್ನು (ಜೆಸ್ವಿಟ್ ಸಂಘ) ಕಟ್ಟಿದ ಲೊಯೋಲಾದ ಇಗ್ನೇಷಿಯಸ್ 1522ರಲ್ಲಿ ಮೂರು ದಿನ ಹಿಡಿದು ಇಡೀ ಬದುಕಿನ ಪಾಪ ನಿವೇದನೆ ಮಾಡಿದರು. ಆದರೂ ಸ್ಪೇನಿನ ಮನ್ರೇಸಾ ಊರಿನಲ್ಲಿ ‘ಏನೋ ಬಿಟ್ಟುಹೋಯಿತು’ ಎಂಬ ಸಂಶಯ ಬೆನ್ನು ಬಿಡಲಿಲ್ಲ. ಹಳೆಯ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲ ಎಂದು ನಿರ್ಧರಿಸಿದ ಮೇಲೇ ಅವರಿಗೆ ಬಿಡುಗಡೆ.

ಎರಡನೇ ದೀಕ್ಷಾಸ್ನಾನ ಬೇಡ. ಶಿಶುಸ್ನಾನವನ್ನು ಒಪ್ಪದ ಸಭೆಗಳು ಕೂಡ, ತಾವಾಗಿ ನಂಬಿ ಸ್ನಾನ ಪಡೆದವರಿಗೆ ಭಯ ಹುಟ್ಟಿತೆಂದು ಸಾಮಾನ್ಯವಾಗಿ ಮತ್ತೆ ಕೊಡುವುದಿಲ್ಲ. ತನ್ನನ್ನು ಮೂರು ಸಲ ಅಲ್ಲಗಳೆದ ಶಿಷ್ಯ ಪೇತ್ರನಿಗೂ ಯೇಸು ಮತ್ತೆ ಸ್ನಾನ ಕೊಡಿಸಲಿಲ್ಲ; ಕೇಳಿದ್ದು ಮೂರು ಪ್ರಶ್ನೆ, ಕೊಟ್ಟದ್ದು ಕುರಿ ಮೇಯಿಸುವ ಕೆಲಸ.

ಇನ್ನು ತಂಗಿಯ ಲೆಕ್ಕ. ನಿಮ್ಮ ಪಾಸ್ಟರ್ ಹೇಳಿದ್ದರಲ್ಲಿ ಮೊದಲರ್ಧ ಸರಿ, ‘ಮರೆತುಬಿಡು’ ಎಂಬುದು ಮಾತ್ರ ಅವಸರದ ಮಾತು. ವಂಚಿಸಿ ಪಡೆದದ್ದನ್ನು ಪೂರ್ತಿ ಹಿಂದಿರುಗಿಸಿ, ಐದನೇ ಒಂದು ಪಾಲು ಸೇರಿಸಿ, ಅದರ ಒಡೆಯನಿಗೇ ಕೊಡಬೇಕು ಎನ್ನುತ್ತದೆ ಯಾಜಕಕಾಂಡದ 6ನೇ ಅಧ್ಯಾಯ. ಕ್ರೈಸ್ತರು ಆ ಪ್ರಮಾಣಕ್ಕೆ ಕಟ್ಟುಬಿದ್ದವರಲ್ಲ. ಲೂಕ 19ರಲ್ಲಿ ಸುಂಕದವರ ಮುಖ್ಯಸ್ಥ ಜಕ್ಕಾಯ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದದ್ದು ಯೇಸು ಕೇಳಿ ಅಲ್ಲ. ಅಲ್ಲಿನ ಕ್ರಮ ನೋಡಿ: ‘ಈಹೊತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು’ ಎಂದು ಯೇಸು ಕರೆದದ್ದು ಮೊದಲು, ಹಣದ ಮಾತು ಆಮೇಲೆ. ಹಿಂದಿರುಗಿಸಿದರೆ ರಕ್ಷಣೆ ಸಿಗುತ್ತದೆ ಎಂದುಕೊಂಡರೆ ಕೂಟದಲ್ಲಿ ಮುಂದೆ ಹೋಗುವುದರ ಬದಲು ಚೆಕ್ ಬರೆದಂತಾದೀತು, ಅಷ್ಟೇ.

ಮಾಡುವ ರೀತಿ ಹೀಗಿರಲಿ. ನೀವು ಇಟ್ಟುಕೊಂಡದ್ದೆಷ್ಟು ಎಂದು ಹಳೆಯ ಪಾಸ್‌ಬುಕ್ ತೆಗೆದು ಬರೆಯಿರಿ. ಅಂದಾಜು ಹೇಳಲೇಬೇಕಾದರೆ ಹೆಚ್ಚಿನ ಅಂಕೆಯನ್ನೇ ಹಿಡಿಯಿರಿ. ಅದಕ್ಕೆ ನೂರಕ್ಕೆ ಇಪ್ಪತ್ತು ಸೇರಿಸಿ. ಹಣದ ಬೆಲೆ ಇಳಿದಿದೆ, ಇನ್ನೂ ಹೆಚ್ಚು ಕೊಟ್ಟರೂ ನ್ಯಾಯವೇ. ಮನೆಯ ಹಣ ಹೊರಗೆ ಹೋಗುವುದರಿಂದ, ಮದುವೆಯಾಗಿದ್ದರೆ ಗಂಡನಿಗೆ ಮೊದಲು ತಿಳಿಸಿ. ತಂಗಿಯನ್ನು ಒಬ್ಬಳೇ ಇರುವಾಗ ಕಂಡು, ಹಬ್ಬ ಮದುವೆಗಳ ಗದ್ದಲ ಬಿಟ್ಟು, ಮೂರೇ ಮಾತು ಹೇಳಿ: ಏನು ಮಾಡಿದೆ, ಎಷ್ಟು, ಯಾವಾಗ ಕೊಡುತ್ತೇನೆ. ಕಂತಾದರೆ ತಾರೀಖು ಬರೆದುಕೊಡಿ. ‘ಆಗ ನನಗೂ ಕಷ್ಟವಿತ್ತು’ ಬೇಡ. ‘ದೇವರೇ ಕ್ಷಮಿಸಿದ್ದಾನೆ, ನೀನೂ ಕ್ಷಮಿಸು’ ಅಂತೂ ಖಂಡಿತ ಬೇಡ. ಅದು ಕ್ಷಮೆ ಕೇಳುವುದಲ್ಲ, ಒತ್ತಡ ಹೇರುವುದು. ಹೆಸರಿಲ್ಲದೆ ಹಣ ಕಳಿಸುವ ಉಪಾಯ ಹೊಳೆದೀತು. ಹಣ ತಲುಪುತ್ತದೆ, ಸುಳ್ಳು ಲೆಕ್ಕ ಹಾಗೇ ಉಳಿಯುತ್ತದೆ. ಅವಳು ಸಿಟ್ಟಾಗಬಹುದು, ತಿಂಗಳುಗಟ್ಟಲೆ ಮಾತು ಬಿಡಬಹುದು. ಅದು ಅವಳ ಹಕ್ಕು, ನಿಮ್ಮ ರಕ್ಷಣೆಯ ಮೇಲಿನ ತೀರ್ಪಲ್ಲ.

ಆಮೇಲೆ, ಗುಟ್ಟು ಬಿಟ್ಟುಕೊಡದ ಒಬ್ಬ ವಿಶ್ವಾಸಿಯ ಎದುರು ಈ ಒಂದು ಪಾಪವನ್ನು ಹೆಸರಿಟ್ಟು ಹೇಳಿ, ಪಾಪ ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ ಎನ್ನುವ 1 ಯೋಹಾನ 1:9 ಓದಿಸಿಕೊಳ್ಳಿ, ಬೈಬಲಿನ ಅಂಚಿನಲ್ಲಿ ದಿನಾಂಕ ಬರೆಯಿರಿ. ಭಯ ಮತ್ತೆ ಬಂದಾಗ ಕ್ಷಮೆ ಕೇಳಬೇಡಿ, ಆ ದಿನಾಂಕ ನೋಡಿ ಸ್ತೋತ್ರ ಹೇಳಿ. ಮೊದಲ ಕೆಲವು ವಾರ ಇದೇ ಅಹಂಕಾರವೆನಿಸುತ್ತದೆ. ಹೃದಯ ನಮ್ಮನ್ನು ದೋಷಿಯೆಂದಾಗ ದೇವರು ನಮ್ಮ ಹೃದಯಕ್ಕಿಂತ ದೊಡ್ಡವನು ಎಂದದ್ದೂ ಅದೇ ಪತ್ರಿಕೆಯೇ (3:20).

ರಕ್ಷಣೆಯ ನಿಶ್ಚಯ ಎಷ್ಟರಮಟ್ಟಿಗೆ ಸಾಧ್ಯ ಎಂಬುದರಲ್ಲಿ ಸಭೆಗಳು ಒಮ್ಮತದಲ್ಲಿಲ್ಲ. ವಿಶೇಷ ಪ್ರಕಟಣೆಯಿಲ್ಲದೆ ತಪ್ಪಿಲ್ಲದ ನಿಶ್ಚಯ ಯಾರಿಗೂ ಸಿಗದು ಎಂದಿತು ಕ್ಯಾಥೊಲಿಕ್ ಬಿಷಪ್ಪರ ಟ್ರೆಂಟ್ ಮಹಾಸಭೆ, 1547ರಲ್ಲಿ. ಸಿಗುತ್ತದೆ ಎಂದರು ಲೂಥರ್ ಮೊದಲಾದ ಪ್ರೊಟೆಸ್ಟೆಂಟ್ ಸುಧಾರಕರು. ಆದರೂ ನಮ್ಮ ಅರ್ಹತೆಯಿಂದಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ ಎಂದು 1999ರ ಜಂಟಿ ಘೋಷಣೆಯಲ್ಲಿ ಕ್ಯಾಥೊಲಿಕರೂ ಲೂಥರನ್ನರೂ ಒಟ್ಟಿಗೇ ಸಹಿ ಹಾಕಿದ್ದಾರೆ.

ತಂಗಿಯ ಲೆಕ್ಕ ಚುಕ್ತಾ ಆದ ಮೇಲೂ ದಿನಕ್ಕೆ ಗಂಟೆಗಟ್ಟಲೆ ಇದೇ ಯೋಚನೆ, ಪ್ರಾರ್ಥನೆಯ ಒಂದು ಪದ ತಪ್ಪಿದರೆ ಮೊದಲಿಂದ ಶುರು, ಹೀಗಾದರೆ ಮನೋವೈದ್ಯರನ್ನು ಕಾಣಿ. ಗೀಳು ಕಾಯಿಲೆ ದೈವಭಯದ ವೇಷದಲ್ಲೂ ಬರುತ್ತದೆ, ಅದಕ್ಕೆ ಚಿಕಿತ್ಸೆ ಇದೆ. ತಂಗಿ ಹಣವೇ ಬೇಡವೆಂದರೆ ಒತ್ತಾಯ ಮಾಡಬೇಡಿ. ಯಾರಿಗೆ ಕೊಡಲಿ ಎಂದು ಅವಳನ್ನೇ ಕೇಳಿ, ಅವಳು ಹೇಳಿದಲ್ಲಿಗೆ ಅವಳ ಹೆಸರಿನಲ್ಲಿ ಕೊಟ್ಟು ರಸೀದಿ ತಲುಪಿಸಿ.