ಕೆಂಪು ಅಕ್ಷರ ಕಂಡರೆ ವಾಂತಿ: ಬಿಸಿಎ ಹುಡುಗಿಯೊಬ್ಬಳ ಪ್ರಕರಣ

ಪ್ರಾಕ್ಟಿಕಲ್ ಪರೀಕ್ಷೆ ಹತ್ತಿರ ಬಂತೆಂದರೆ ಹಾಸನದಲ್ಲಿ ಆಪ್ತಸಲಹೆಗಾರ್ತಿಯಾದ ನನ್ನ ಬಳಿ ಬಿಸಿಎ ಮಕ್ಕಳು ಬರಲು ಶುರುವಾಗುತ್ತಾರೆ. ತಲೆನೋವು, ಕೈ ನಡುಕ, ನಿದ್ದೆ ಇಲ್ಲ. ಇವರಲ್ಲಿ ಬಹಳ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಪಿಯುಸಿಯಲ್ಲಿ ಕಾಮರ್ಸ್ ಮುಗಿಸಿ, "ಕಂಪ್ಯೂಟರ್ ಅಂದ್ರೆ ಕೆಲಸ ಗ್ಯಾರಂಟಿ" ಎಂದು ಯಾರೋ ಹೇಳಿದ್ದಕ್ಕೆ ಸೇರಿದವರು. ಮೂರು ಗಂಟೆ ಕೂತು ಥಿಯರಿ ಬರೆಯಲು ಹೆದರದವರು ಲ್ಯಾಬ್ ಬಾಗಿಲಲ್ಲಿ ಬೆವರುತ್ತಾರೆ. ಒಬ್ಬಳ ಕಥೆಯನ್ನು ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಮನೆಯ ವಿವರಗಳನ್ನು ಬದಲಿಸಿದ್ದೇನೆ.

ಹುಡುಗಿ ಎರಡನೇ ವರ್ಷದವಳು. ಅರಕಲಗೂಡಿನ ಕಡೆಯ ಹಳ್ಳಿ, ದಿನಾ ಬಸ್ಸಿನಲ್ಲಿ ಓಡಾಟ. ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್ ಮತ್ತು ಗಣಿತ ಎರಡೂ ಬ್ಯಾಕ್ ಉಳಿದಿದ್ದವು. ಲ್ಯಾಬ್ ಪರೀಕ್ಷೆಯ ಬೆಳಿಗ್ಗೆ ವಾಂತಿ. ವೈದ್ಯರು ಪರೀಕ್ಷಿಸಿ ದೇಹಕ್ಕೇನೂ ಆಗಿಲ್ಲ ಎಂದಿದ್ದರು. ದೃಷ್ಟಿ ತೆಗೆಸಿದ್ದೂ ಆಗಿತ್ತು. ಸೋದರಮಾವ "ಬಿಡ್ಸಿ ಬಿ.ಕಾಂಗೆ ಸೇರ್ಸಿ" ಎಂದರೆ, ಅಪ್ಪ ಶುಂಠಿ ಮಾರಿದ ದುಡ್ಡಲ್ಲಿ ಲ್ಯಾಪ್‌ಟಾಪ್ ಕೊಡಿಸಲು ತಯಾರಾಗಿದ್ದರು. ಅಮ್ಮನಿಗೆ ಮಾತ್ರ ಒಂದೇ ಅಚ್ಚರಿ: "ರಾತ್ರಿ ಒಂದು ಗಂಟೆಗಂಟ ಓದ್ತಳೆ ಕಣ್ ಮೇಡಂ. ಒಪ್ಸು ಅಂದ್ರೆ ಒಂದಕ್ಷರ ತಪ್ಪಲ್ಲ. ಅಲ್ಲೋದ್ರೆ ಯಾಕಿಂಗಾಯ್ತದೆ?"

ಮೊದಲ ಭೇಟಿಗಳಲ್ಲಿ ಮಾಮೂಲಿ ಕೆಲಸಗಳಾದವು: ಉಸಿರಾಟದ ಅಭ್ಯಾಸ, ನಿದ್ದೆಯ ಹೊತ್ತು, ಪರೀಕ್ಷೆಯ ದಿನ ಬೆಳಿಗ್ಗೆ ಏನು ತಿನ್ನಬೇಕು ಎಂಬುದು. ಅವಳು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿದಳು, ಕಾಯಿಲೆ ಅಲ್ಲೇ ಇತ್ತು. ತಿರುವು ಸಿಕ್ಕಿದ್ದು ಅವಳು ರೆಕಾರ್ಡ್ ಬುಕ್ ಹಿಡಿದು ಬಂದ ದಿನ. ಅಷ್ಟು ಅಂದವಾದ ರೆಕಾರ್ಡ್ ನಾನು ನೋಡಿಲ್ಲ. ಅಡಿಗೆರೆಗಳು, ಅಂಚು, ಒಂದೂ ಕಾಟಿಲ್ಲ. "ಇದರಲ್ಲಿ ಯಾವುದಾದರೂ ಒಂದು ಹೇಳಮ್ಮ" ಎಂದೆ. ಪುಸ್ತಕ ಮುಚ್ಚಿಟ್ಟು, "ಹ್ಯಾಶ್ ಇನ್‌ಕ್ಲೂಡ್" ಎಂದು ಶುರುಮಾಡಿ, ಅಂಕಿಗಳನ್ನು ಕ್ರಮವಾಗಿ ಜೋಡಿಸುವ ಬಬಲ್ ಸಾರ್ಟ್ ಪ್ರೋಗ್ರಾಮನ್ನು ಬ್ರಾಕೆಟ್ಟು, ಸೆಮಿಕೋಲನ್ನುಗಳ ಸಮೇತ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದಳು. ನಡುವೆ ಒಂದು ಕಡೆ ತಡವರಿಸಿ, ಮತ್ತೆ ಮೊದಲಿಂದ ಹೇಳಿದಳು.

ಆ "ಮೊದಲಿಂದ" ನನ್ನ ಕಿವಿಗೆ ಬಿತ್ತು.

"ಲ್ಯಾಬಲ್ಲೂ ಹೀಗೇನಾ?"

"ಹೂಂ ಮೇಡಂ. ಕಂಪೈಲ್ ಕೊಟ್ಟಾಗ ಕೆಳಗಡೆ ಕೆಂಪಲ್ಲಿ ಬರುತ್ತೆ. ಕೆಂಪು ಬಂತು ಅಂದ್ರೆ ಎಲ್ಲ ಅಳಿಸಿ ಮೊದಲಿಂದ ಟೈಪ್ ಮಾಡ್ತೀನಿ. ಎರಡನೇ ಸಲನೂ ಬಂದ್ರೆ ಹೊಟ್ಟೆ ತೊಳಸೋಕೆ ಶುರುವಾಗುತ್ತೆ."

"ಆ ಕೆಂಪಲ್ಲಿ ಏನು ಬರೆದಿರುತ್ತೆ?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅದು ಓದೋಕೆ ಇರೋದಾ ಮೇಡಂ?"

ಒಂದು ವರ್ಷಕ್ಕೂ ಮೇಲ್ಪಟ್ಟು ಕಂಪ್ಯೂಟರ್ ಓದಿದ ಹುಡುಗಿ ಕೇಳಿದ ಪ್ರಶ್ನೆ ಇದು. ಅವಳ ಲೆಕ್ಕದಲ್ಲಿ ಕೆಂಪು ಎಂದರೆ ಮೇಷ್ಟ್ರ ಕೆಂಪು ಶಾಯಿ. ತಪ್ಪು ಎಂದಷ್ಟೇ ಅದರ ಅರ್ಥ, ಯಾಕೆ ತಪ್ಪು ಎಂದು ಅದು ಹೇಳುವುದಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ, ಪಿಯುಸಿಯಲ್ಲಿ ಬಾಯಿಪಾಠ ಅವಳ ಕೈ ಹಿಡಿದಿತ್ತು. ಉತ್ತರಪತ್ರಿಕೆ ಬರೆದವರಿಗೆ ತಿರುಗಿ ಮಾತಾಡುವುದಿಲ್ಲ. ಬರೆದ ಪ್ರೋಗ್ರಾಮನ್ನು ಕಂಪ್ಯೂಟರಿನ ಭಾಷೆಗೆ ತಿರುಗಿಸುವ ಕಂಪೈಲರ್ ಆ ಕ್ಷಣದಲ್ಲೇ, ಪಕ್ಕದಲ್ಲಿ ಕೂತವರಿಗೂ ಕಾಣುವ ಹಾಗೆ, ಉತ್ತರ ಕೊಡುತ್ತದೆ.

ಪ್ರೋಗ್ರಾಂ ಬರೆದು ಓಡಿಸುವ ಕೋಡ್‌ಬ್ಲಾಕ್ಸ್ ತಂತ್ರಾಂಶ ಇದ್ದ ಲ್ಯಾಪ್‌ಟಾಪೊಂದನ್ನು ಕಾಲೇಜಿನ ಕಂಪ್ಯೂಟರ್ ವಿಭಾಗದಿಂದ ಕೇಳಿ ತರಿಸಿದೆ. ಅವಳೇ ಟೈಪ್ ಮಾಡಿದ ಪ್ರೋಗ್ರಾಂ ಸರಿಯಾಗಿ ಓಡಿತು. "ಈಗ ಬೇಕೂಂತಲೇ ಒಂದು ಸೆಮಿಕೋಲನ್ ತೆಗಿ" ಎಂದೆ. ಅವಳ ಬೆರಳು ಮುಂದೆ ಹೋಗಲಿಲ್ಲ. ಕೊನೆಗೆ ನಾನೇ ತೆಗೆದೆ. ಕೆಂಪು ಸಾಲು ಬಂತು. ವೇಲ್ ಮುದುರಿ ಹಿಡಿದುಕೊಂಡೇ ಅಕ್ಷರ ಕೂಡಿಸಿ ಓದಿದಳು. 12ನೇ ಸಾಲಿನಲ್ಲಿ ಪ್ರಿಂಟ್‌ಎಫ್‌ಗೆ (ಪರದೆಯ ಮೇಲೆ ಬರೆಯಿಸುವ ಆದೇಶ) ಮುಂಚೆ ಸೆಮಿಕೋಲನ್ ಇರಬೇಕಿತ್ತು ಎಂದಿತ್ತು. 12ನೇ ಸಾಲು ನೋಡಿದಳು. ಅಲ್ಲಿ ತಪ್ಪೇ ಇಲ್ಲ! "ಸುಳ್ಳು ಹೇಳ್ತಿದೆ" ಎಂದಳು. ಬಿಟ್ಟುಹೋದದ್ದು 11ರ ಕೊನೆಯಲ್ಲಿ. ಮುಂದಿನ ಪದ ಎದುರಾಗುವ ತನಕ ಹಿಂದಿನ ವಾಕ್ಯ ಮುಗಿದಿಲ್ಲವೆಂದು ಕಂಪೈಲರ್‌ಗೆ ತಿಳಿಯುವುದಿಲ್ಲ, ಹಾಗಾಗಿ ಹಳೆಯ ಆವೃತ್ತಿಗಳು ಮುಂದಿನ ಸಾಲಿನ ಮೇಲೆ ಬೊಟ್ಟುಮಾಡುತ್ತವೆ ಎಂದು ಅವಳ ಮೇಷ್ಟ್ರು ನನಗೆ ವಿವರಿಸಿದ್ದು ಆಮೇಲೆ. ಅಂದು ಅದನ್ನು ಹುಡುಕಿ ಹಿಡಿದವಳು ಅವಳೇ. ಆಮೇಲೆ ಮೇಲ್ಗಡೆಯ ಡಿಕ್ಲರೇಷನ್ ಸಾಲನ್ನು, ಅಂದರೆ ಪ್ರೋಗ್ರಾಂ ಬಳಸುವ ವೇರಿಯಬಲ್‌ಗಳ ಹೆಸರುಗಳನ್ನೆಲ್ಲ ಮೊದಲೇ ತಿಳಿಸುವ ಸಾಲನ್ನು, ಅಳಿಸಿಹಾಕಿದೆ. ಪರದೆಯ ಕೆಳಗೆ ಕೆಂಪು ಸಾಲುಗಳ ರಾಶಿ.

"ಒಂದು ತಪ್ಪಿಗೆ ಇಷ್ಟೊಂದಾ?"

"ನೀನು ಇಷ್ಟು ದಿನ ಎಷ್ಟು ತಪ್ಪು ಅಂದ್ಕೊಂಡಿದ್ದೆ?"

"ಎಷ್ಟು ಸಾಲು ಬಂದ್ರೆ ಅಷ್ಟು."

ಆ ಹೊತ್ತಿಗೆ ಅವಳ ಕೈ ವೇಲ್ ಬಿಟ್ಟಿತ್ತು. ಹೊರಡುವ ಮುಂಚೆ ತಾನಾಗಿಯೇ ಒಂದು ಬ್ರಾಕೆಟ್ ತೆಗೆದು, ಏನು ಬರುತ್ತದೆ ಎಂದು ನೋಡಿದಳು.

ನಾನು ಕೊಟ್ಟ ಸಲಹೆ ಇಷ್ಟು. ಹೊಸ ಪ್ರೋಗ್ರಾಂ ಬಾಯಿಪಾಠ ಮಾಡುವುದನ್ನು ನಿಲ್ಲಿಸು. ಓಡುತ್ತಿರುವ ಒಂದು ಪ್ರೋಗ್ರಾಮನ್ನು ದಿನಾ ಒಂದೊಂದು ಕಡೆ ಕೆಡಿಸು, ಬಂದ ಸಂದೇಶವನ್ನು ನೋಟ್‌ಬುಕ್ಕಿನಲ್ಲಿ ಬರೆದು ಪಕ್ಕದಲ್ಲಿ ಕನ್ನಡದಲ್ಲಿ ಕಾರಣ ಬರೆ. ಸಾಲುಸಾಲಾಗಿ ಬಂದರೆ ಮೊದಲನೆಯದನ್ನಷ್ಟೇ ಸರಿಮಾಡಿ ಮತ್ತೆ ಕಂಪೈಲ್ ಕೊಡು. ಏನೇ ಆದರೂ ಪೂರ್ತಿ ಅಳಿಸಬೇಡ. ಲ್ಯಾಪ್‌ಟಾಪ್ ಈಗ ಬೇಡ ಎಂದು ಅಪ್ಪನಿಗೆ ಹೇಳಿದೆ. ಫೋನಿನಲ್ಲೇ ಸಿ ಪ್ರೋಗ್ರಾಂ ಓಡಿಸುವ ಆ್ಯಪ್‌ಗಳಿವೆ, ಈ ಅಭ್ಯಾಸಕ್ಕೆ ಅಷ್ಟು ಸಾಕು. ಅಷ್ಟು ಖರ್ಚು ಮಾಡಿ ತಂದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಪ್ರತಿ ಕೆಂಪು ಸಾಲಿನ ಹಿಂದೆ ಶುಂಠಿಯ ದುಡ್ಡೂ ಕಾಣುತ್ತದೆ. ಬಿ.ಕಾಂ ಮಾತಿಗೆ, ಈ ಸೆಮಿಸ್ಟರ್ ಮುಗಿಯುವ ತನಕ ಯಾರೂ ಆ ಸುದ್ದಿ ಎತ್ತಬಾರದು ಎಂದೆ. ಮಾವನಿಗೆ ಇದು ಹಿಡಿಸಲಿಲ್ಲ.

ಪರಿಚಯದ ಸಹೋದ್ಯೋಗಿಯೊಬ್ಬರು "ನೀವು ಮಾಡಿದ್ದು ಟ್ಯೂಷನ್, ಆಪ್ತಸಲಹೆ ಅಲ್ಲ" ಎಂದರು. ನಾನು ಒಪ್ಪುವುದಿಲ್ಲ. ಹೆದರಿಕೆಯ ವಸ್ತುವನ್ನು ಸಣ್ಣ ಸಣ್ಣ ಅಳತೆಯಲ್ಲಿ ಎದುರಿಗಿಟ್ಟು ರೂಢಿ ಮಾಡಿಸುವುದು ನಮ್ಮ ವೃತ್ತಿಯ ಹಳೆಯ ವಿಧಾನ. ದಕ್ಷಿಣ ಆಫ್ರಿಕಾದ ಮನೋವೈದ್ಯ ಜೋಸೆಫ್ ವೋಲ್ಪೆ 1950ರ ದಶಕದಲ್ಲೇ ಅದಕ್ಕೊಂದು ಕ್ರಮ ಹಾಕಿಕೊಟ್ಟರು. ಹೆದರಿಕೆ ಹಾವಿನದಾದರೆ ಹಾವಿನ ಚಿತ್ರ ತೋರಿಸುವುದನ್ನು ಯಾರೂ ಪ್ರಾಣಿಶಾಸ್ತ್ರದ ಪಾಠ ಎನ್ನುವುದಿಲ್ಲ. ಬರೀ "ಧೈರ್ಯವಾಗಿರು, ಉಸಿರು ಎಳೆದುಕೋ" ಎಂದು ಕಳಿಸಿದರೆ ಹುಡುಗಿ ಉಸಿರು ಎಳೆದುಕೊಂಡೇ ಎಲ್ಲವನ್ನೂ ಅಳಿಸುತ್ತಾಳೆ. ಅವಳಿಗೆ ಬುದ್ಧಿ ಕಡಿಮೆ ಎಂಬ ಮಾತನ್ನಂತೂ ನಾನು ಕೇಳಲು ತಯಾರಿಲ್ಲ. ಅಷ್ಟು ಉದ್ದದ ಪ್ರೋಗ್ರಾಂ ಅರ್ಥವಾಗದೆಯೂ ನೆನಪಿಡಬಲ್ಲ ತಲೆ ಸಣ್ಣದಲ್ಲ.

ಅಧ್ಯಾಪಕರಿಗೂ ಒಂದು ಮಾತು. ಒಂದು ಕಂಪ್ಯೂಟರಿಗೆ ಇಬ್ಬರು ಕೂತಾಗ ಟೈಪ್ ಮಾಡುವವರು ಯಾರು ಎಂದು ನೋಡಿ. ಈ ಹುಡುಗಿ ಪಕ್ಕದವಳಿಗೆ ಒಪ್ಪಿಸುತ್ತಿದ್ದಳು, ಪಕ್ಕದವಳು ಒತ್ತುತ್ತಿದ್ದಳು. ಪರೀಕ್ಷೆಯಲ್ಲಿ ಮಾತ್ರ ಕೀಬೋರ್ಡ್ ಇವಳ ಪಾಲಿಗೆ ಬರುತ್ತಿತ್ತು. ರೆಕಾರ್ಡಿಗೆ ಕೊಡುವ ಅಂಕದಲ್ಲಿ ಸ್ವಲ್ಪವನ್ನಾದರೂ ಎರರ್ ಬರೆದಿಟ್ಟ ಪುಟಕ್ಕೆ ಕೊಡಬಾರದೇ? ಜೊತೆಗೆ ಸಿಲಬಸ್ ಬದಲಾವಣೆಯೂ ಮಕ್ಕಳನ್ನು ಕಂಗೆಡಿಸಿದೆ. 2021-22ರಲ್ಲಿ ಹೊಸ ಶಿಕ್ಷಣ ನೀತಿ ಬಂತು, 2024-25ರಿಂದ ರಾಜ್ಯ ಅದನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಸೀನಿಯರ್‌ಗಳ ನೋಟ್ಸ್ ನಂಬಿದವರಿಗೆ ಅದೂ ಕೈಕೊಟ್ಟಿದೆ.

ಇದೇ ಸಲಹೆ ಎಲ್ಲರಿಗೂ ಹೊಂದುವುದಿಲ್ಲ. ಊಟ, ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಬದುಕೇ ಬೇಡ ಎಂಬ ಮಾತು ಬಂದಿದ್ದರೆ ಸೆಮಿಕೋಲನ್ ಬದಿಗಿಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲು ರಾತ್ರಿ ಸಿಗುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಹುಡುಗಿ ಮುಂದಿನ ಲ್ಯಾಬ್ ಪರೀಕ್ಷೆ ಪಾಸಾದಳು. ಆ ಬೆಳಿಗ್ಗೆಯೂ ಹೊಟ್ಟೆ ತೊಳಸಿತಂತೆ, ವಾಂತಿ ಆಗಲಿಲ್ಲ. ಗಣಿತ ಇನ್ನೂ ಬಾಕಿ ಇದೆ. ಅದು ಬೇರೆ ಕಥೆ: ಕಾಮರ್ಸಿನಿಂದ ಬಂದವರಿಗೆ ಅಡಿಪಾಯವೇ ಇಲ್ಲದೆ ಮೇಲಿನ ಪಾಠ ನಡೆಯುತ್ತಿದೆ, ನಾನು ಎಷ್ಟು ಮಾತಾಡಿದರೂ ಅದು ತುಂಬುವುದಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಅವರಿಗೆ ಬ್ರಿಡ್ಜ್ ಕ್ಲಾಸ್ ಮಾಡಿ ಎಂದು ವಿಭಾಗಕ್ಕೆ ಬರೆದುಕೊಟ್ಟಿದ್ದೇನೆ, ಉತ್ತರ ಬಂದಿಲ್ಲ.